ನನ್ನ ಕ್ಯಾನಿನಲ್ಲಿದ್ದ ಬಿಟಿ

ಎಲೆಕೋಸಿನ ಎಲೆಯನ್ನು ಮಗುಚಿ ನೋಡುವ ಅಭ್ಯಾಸ ಇಲ್ಲದವರಿಗೆ ಹುಳು ಕಾಣುವುದೇ ಇಲ್ಲ. ಅದಕ್ಕೂ ಎಲೆಯದೇ ಬಣ್ಣ. ನರದ ಮಗ್ಗುಲಿಗೆ ಮೈಚಾಚಿ ಮಲಗಿದರೆ ಅದೂ ಒಂದು ನರವೇ ಇರಬೇಕು ಅನ್ನಿಸುತ್ತದೆ. ಎಲೆಯ ಅಡಿಭಾಗವನ್ನು ಕೆರೆದು ತಿಂದು, ಮೇಲಿನ ತೆಳುಪೊರೆಯನ್ನು ಮಾತ್ರ ಹಾಗೆಯೇ ಉಳಿಸುತ್ತದೆ. ಬೆಳಕಿಗೆ ಹಿಡಿದರೆ ಎಲೆಯ ತುಂಬ ಪುಟಾಣಿ ಗಾಜಿನ ಕಿಟಕಿಗಳು. ಬೆರಳು ತಾಗಿದರೆ ಸಾಕು, ಹಿಂದಕ್ಕೆ ಕೊಸರಿ, ನೂಲು ಬಿಟ್ಟು ಜೋತುಬೀಳುತ್ತದೆ. ವಜ್ರಬೆನ್ನಿನ ಪತಂಗದ ಮರಿ ಇದು. ಅರ್ಧ ಇಂಚು ಕೂಡ ಇಲ್ಲದ ಈ ಜೀವಿಯ ಜೊತೆ ನನ್ನ ಜಗಳ ಹಲವು ವರ್ಷಗಳದ್ದು.

ಆ ಸಂಜೆ ಪುಡಿಯನ್ನು ನೀರಿಗೆ ಕಲಸಿ, ಸೋಸಿ, ಕ್ಯಾನಿಗೆ ತುಂಬುತ್ತಿದ್ದೆ. ರಜೆಗೆ ಬಂದಿದ್ದ ಅಕ್ಕನ ಮಗ ಪಕ್ಕದಲ್ಲೇ ನಿಂತಿದ್ದ. ಜೈವಿಕ ತಂತ್ರಜ್ಞಾನ ಓದುವ ಹುಡುಗ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಾಳಿ. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ ತಲೆಯೆತ್ತಿದ.

"ಮಾವ, ಇದು ಬ್ಯಾಸಿಲಸ್ ಥುರಿಂಜಿಯೆನ್ಸಿಸ್. ಅಂದರೆ ಬಿಟಿ."

"ಹೌದು. ಅದಕ್ಕೇನೀಗ?"

"ನಿಮ್ಮ ಚೀಲದ ಮೇಲೆ 'ಕುಲಾಂತರಿ ಬೇಡ' ಎಂದು ಬರೆದಿದೆಯಲ್ಲ!"

ಕುಲಾಂತರಿ ಎಂದರೆ ಹೊರಗಿನ ವಂಶವಾಹಿಯನ್ನು ಪ್ರಯೋಗಾಲಯದಲ್ಲಿ ಸೇರಿಸಿದ ಬೆಳೆ; ಬಿಟಿ ಹತ್ತಿಯೊಳಗೆ ಸೇರಿಸಿರುವುದು ಇದೇ ಬ್ಯಾಕ್ಟೀರಿಯಾದ ವಂಶವಾಹಿಯನ್ನು. ನಾನು ಏನೋ ಒಂದು ಉತ್ತರ ಕೊಟ್ಟೆ. ಸಿಂಪಡಿಸುವುದು ಬೇರೆ, ಗಿಡದೊಳಗೆ ಸೇರಿಸುವುದು ಬೇರೆ ಎಂದೆ. ಹೇಗೆ ಬೇರೆ ಎಂದು ಅವನು ಕೇಳಿದ. ಕತ್ತಲಾಗುತ್ತಿದೆ, ಔಷಧಿ ಹೊಡೆಯಬೇಕು ಎಂದು ಕ್ಯಾನನ್ನು ಬೆನ್ನಿಗೇರಿಸಿಕೊಂಡು ಹೊರಟುಬಿಟ್ಟೆ. ಉತ್ತರ ಗೊತ್ತಿಲ್ಲದವರಿಗೆ ಬೆನ್ನಿನ ಮೇಲಿನ ಭಾರ ಎಷ್ಟೋ ಸಲ ಅನುಕೂಲವೇ.

ಆದರೆ ಪ್ರಶ್ನೆ ನನ್ನ ಜೊತೆಗೇ ಬಂತು. ಸಾವಯವ ಚಳವಳಿಯಲ್ಲಿ ಇಷ್ಟು ಕಾಲ ಓಡಾಡಿದವನು, ಕುಲಾಂತರಿ ವಿರೋಧಿ ಸಭೆಗಳಲ್ಲಿ ಮುಂದಿನ ಸಾಲಿನಲ್ಲೇ ಕುಳಿತವನು, ಇದಕ್ಕೊಂದು ನೆಟ್ಟಗಿನ ಉತ್ತರ ಇಟ್ಟುಕೊಂಡಿಲ್ಲವಲ್ಲ ಎಂಬ ನಾಚಿಕೆ. ಹಾಗಾಗಿ ಈ ಬರಹ.

ಮೊದಲು ಈ ಸೂಕ್ಷ್ಮಜೀವಿಯ ಪುರಾಣ. 1901ರಲ್ಲಿ ಜಪಾನಿನ ಇಶಿವಾಟ ಶಿಗೆತಾನೆ ರೇಷ್ಮೆಹುಳುಗಳು ದಿಢೀರನೆ ಸಾಯುತ್ತಿದ್ದುದಕ್ಕೆ ಕಾರಣ ಹುಡುಕುತ್ತ ಇದನ್ನು ಕಂಡ. ಅಂದರೆ ನಮಗೆ ಇದರ ಪರಿಚಯವಾದದ್ದು ಮಿತ್ರನಾಗಿ ಅಲ್ಲ, ರೇಷ್ಮೆ ಸಾಕುವವರ ಶತ್ರುವಾಗಿ. ಹತ್ತು ವರ್ಷಗಳ ಬಳಿಕ ಜರ್ಮನಿಯ ಅರ್ನ್‌ಸ್ಟ್ ಬರ್ಲಿನರ್ ಹಿಟ್ಟಿನ ಪತಂಗದ ಸತ್ತ ಮರಿಯಲ್ಲಿ ಅದನ್ನೇ ಕಂಡು, ಥುರಿಂಜಿಯ ಪ್ರಾಂತದ ಹೆಸರನ್ನು ಅದಕ್ಕೆ ಕೊಟ್ಟ. 1938ರ ಹೊತ್ತಿಗೆ ಫ್ರಾನ್ಸಿನಲ್ಲಿ ಅದು ಕೀಟನಾಶಕವಾಗಿ ಮಾರಾಟಕ್ಕೆ ಬಂದಿತ್ತು. ವಂಶವಾಹಿಯನ್ನು ಕತ್ತರಿಸಿ ಅಂಟಿಸುವುದು ಇರಲಿ, ವಂಶವಾಹಿ ಯಾವುದರಿಂದ ಆಗಿದೆ ಎಂಬುದೇ ಆಗ ಖಚಿತವಾಗಿರಲಿಲ್ಲ.

ಇದು ಕೊಲ್ಲುವ ಬಗೆ ಸೊಗಸಾಗಿದೆ, ಹುಳುವಿನ ಕಡೆಯಿಂದ ನೋಡದಿದ್ದರೆ. ಬ್ಯಾಕ್ಟೀರಿಯಾ ತನ್ನ ಬೀಜಾಣುವಿನ ಜೊತೆಗೆ ಪ್ರೋಟೀನಿನ ಒಂದು ಹರಳನ್ನು ಕಟ್ಟಿಕೊಳ್ಳುತ್ತದೆ. ಹರಳು ಹರಳಾಗಿ ಇರುವವರೆಗೆ ನಿರುಪದ್ರವಿ. ಮರಿಹುಳುವಿನ ಕರುಳು ಕ್ಷಾರೀಯ. ಅಲ್ಲಿಗೆ ಹೋದಾಗ ಹರಳು ಕರಗುತ್ತದೆ, ಹುಳುವಿನದೇ ಜೀರ್ಣರಸ ಅದನ್ನು ಕತ್ತರಿಸಿ ಹರಿತಗೊಳಿಸುತ್ತದೆ, ಕರುಳಿನ ಗೋಡೆಯಲ್ಲಿ ಅದಕ್ಕೆ ಹೊಂದುವ ಕೊಂಡಿ ಇದ್ದರೆ ಅಂಟಿಕೊಂಡು ತೂತು ಕೊರೆಯುತ್ತದೆ. ಕೆಲವು ಗಂಟೆಗಳಲ್ಲೇ ಹುಳು ತಿನ್ನುವುದನ್ನು ಬಿಡುತ್ತದೆ. ಎರಡು ಮೂರು ದಿನಗಳಲ್ಲಿ ಕಪ್ಪಾಗಿ, ಮೆತ್ತಗಾಗಿ, ಎಲೆಗೆ ಅಂಟಿದ ಒದ್ದೆ ದಾರದ ತುಂಡಿನಂತೆ ಕಾಣುತ್ತದೆ. ನಮ್ಮ ಹೊಟ್ಟೆಯಲ್ಲಿ ಆಮ್ಲ; ಆ ಕೊಂಡಿಯೂ ಇಲ್ಲ. ಜೇನುನೊಣಕ್ಕೆ, ಗುಲಗಂಜಿ ಹುಳಕ್ಕೆ ನಾನು ಹೊಡೆಯುವ ಬಗೆಯಿಂದ ತೊಂದರೆಯಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಬಿದ್ದರೆ ಕೆಲವೇ ದಿನಗಳಲ್ಲಿ ಅದರ ಕಸುವು ಇಳಿದುಹೋಗುತ್ತದೆ. ಸಂಜೆಯ ಹೊತ್ತು ಸಿಂಪಡಿಸುವುದು ಅದಕ್ಕೇ.

ಈ ಕೊನೆಯ ಮಾತನ್ನು ನೆನಪಿಡಬೇಕು. ನಾವು ಸಾವಯವದವರು ಅದನ್ನು ಬಿಟಿ ಪುಡಿಯ ದೋಷ ಎಂದು ಗೊಣಗುತ್ತಿದ್ದೆವು. ಮಳೆ ಬಂದರೆ ತೊಳೆದುಹೋಗುತ್ತದೆ, ಬಿಸಿಲಿಗೆ ಸಾಯುತ್ತದೆ, ಮತ್ತೆ ಹೊಡೆಯಬೇಕು. ಆ ದೋಷವೇ ಅದರ ಆಯುಷ್ಯವನ್ನು ಕಾಯುತ್ತಿತ್ತು ಎಂಬುದು ಹೊಳೆಯಲು ಬಹಳ ಕಾಲ ಬೇಕಾಯಿತು. ಹುಳ ಕಂಡಾಗ ಮಾತ್ರ ಹೊಡೆಯುವ, ಹೊಡೆದ ನಾಲ್ಕು ದಿನಕ್ಕೆ ಮಾಯವಾಗುವ ವಿಷಕ್ಕೆ ಒಗ್ಗಿಕೊಳ್ಳುವ ಒತ್ತಡ ಹುಳುವಿನ ಸಂತತಿಯ ಮೇಲೆ ಅಷ್ಟಾಗಿ ಬೀಳುವುದಿಲ್ಲ. ಅದೇ ವಿಷ ಬೇರಿನಿಂದ ಕುಡಿಯವರೆಗೆ, ಮೊಳಕೆಯಿಂದ ಕೊಯ್ಲಿನವರೆಗೆ ಹಗಲಿರುಳೂ ಗಿಡದೊಳಗೇ ಇದ್ದರೆ? 1996ರಲ್ಲಿ ಅಮೆರಿಕದಲ್ಲಿ ಬಿಟಿ ಹತ್ತಿ ಮತ್ತು ಬಿಟಿ ಮೆಕ್ಕೆಜೋಳ ದೊಡ್ಡ ಪ್ರಮಾಣದಲ್ಲಿ ಹೊಲಕ್ಕೆ ಇಳಿದಾಗ ಆದದ್ದು ಇದು.

ಸಾವಯವ ಸಂಘಟನೆಗಳ ಅಂತರರಾಷ್ಟ್ರೀಯ ಒಕ್ಕೂಟ ಐಫೋಮ್, ಗ್ರೀನ್‌ಪೀಸ್ ಮತ್ತಿತರರ ಜೊತೆ ಸೇರಿ 1999ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ನಾವು ದಶಕಗಳಿಂದ ಹಿತಮಿತವಾಗಿ ಬಳಸುತ್ತ ಬಂದಿರುವುದನ್ನು ನೀವು ಎಲ್ಲ ಹೊಲಗಳಲ್ಲೂ ಎಲ್ಲ ಕಾಲದಲ್ಲೂ ಬಳಸಿ ಮುಗಿಸಿಬಿಡುತ್ತೀರಿ, ಹುಳುಗಳು ಅದಕ್ಕೆ ಒಗ್ಗಿದ ಮೇಲೆ ನಿಮಗೆ ಇನ್ನೊಂದು ವಂಶವಾಹಿ ಸಿಗುತ್ತದೆ, ನಮಗೆ ಏನು ಉಳಿಯುತ್ತದೆ ಎಂಬುದು ಅವರ ತಕರಾರಿನ ತಿರುಳು. ಕುಲಾಂತರಿಯ ವಿರುದ್ಧ ನಾನು ಕೇಳಿದ ವಾದಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ನಮ್ಮ ಸಭೆಗಳಲ್ಲಿ ಇದನ್ನು ಆಡಿದವರು ಎಷ್ಟು ಮಂದಿ ಎಂದು ನೆನಪು ಮಾಡಿಕೊಂಡೆ. ಬೆರಳೆಣಿಕೆ. ಉಳಿದವರೆಲ್ಲ ರಾಕ್ಷಸ ಬೆಳೆ, ವಿಷದ ಅನ್ನ ಎನ್ನುತ್ತಿದ್ದರು. ನಾನೂ ಚಪ್ಪಾಳೆ ತಟ್ಟಿದ್ದೆ.

ಆದರೆ ಈ ಗಟ್ಟಿ ವಾದದಲ್ಲೂ ಒಂದು ಮುಳ್ಳಿದೆ. ಬಿಟಿಗೆ ಹೊಲದಲ್ಲಿ ಮೊದಲು ಒಗ್ಗಿಕೊಂಡ ಕೀಟ ಯಾವುದು? ಇದೇ ವಜ್ರಬೆನ್ನಿನ ಪತಂಗ. ಕೀಟತಜ್ಞ ಬ್ರೂಸ್ ಟಬಾಷ್ನಿಕ್ ಮತ್ತು ಸಂಗಡಿಗರು ಹವಾಯಿಯ ಹೊಲಗಳಲ್ಲಿ ಅದನ್ನು ಕಂಡು 1990ರಲ್ಲಿ ವರದಿ ಮಾಡಿದರು. ಆಗ ಜಗತ್ತಿನ ಯಾವ ರೈತನೂ ಬಿಟಿ ಬೀಜ ಬಿತ್ತಿರಲಿಲ್ಲ. ಮತ್ತೆ ಮತ್ತೆ ಹೊಡೆದ ಬಿಟಿ ಪುಡಿಯೇ ಅದನ್ನು ಪಳಗಿಸಿತ್ತು. ನನ್ನ ಕ್ಯಾನಿನಲ್ಲಿ ಇದ್ದಂಥದ್ದೇ ಪುಡಿ. ಸಾವಯವ ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಹುಳು ವಿನಾಯಿತಿ ಕೊಡುವುದಿಲ್ಲ.

ಮುಳ್ಳು ಇನ್ನೊಂದು ಕಡೆಗೂ ಇದೆ. ಹತ್ತಿಯ ಗುಲಾಬಿ ಕಾಯಿಕೊರಕದ ಕಥೆಯನ್ನು ನಾವು ಅರ್ಧವೇ ಹೇಳುತ್ತೇವೆ. ಭಾರತದಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿದ್ದು 2002ರಲ್ಲಿ. ಗುಜರಾತಿನಲ್ಲಿ ಕಾಯಿಕೊರಕ ಮೊದಲ ಬಿಟಿ ಪ್ರೋಟೀನಿಗೆ ಜಗ್ಗುತ್ತಿಲ್ಲ ಎಂಬ ಸುದ್ದಿ 2010ರಲ್ಲಿ ಹೊರಬಿತ್ತು. ಬಳಿಕ ಎರಡು ವಂಶವಾಹಿಯ ಬೀಜವೂ ಅದರ ಮುಂದೆ ಸೋತಿತು. ಈ ಅರ್ಧ ನಮಗೆ ಬಾಯಿಪಾಠ. ಅದೇ ಕೀಟವನ್ನು ಅಮೆರಿಕ ತನ್ನ ಹತ್ತಿ ನಾಡಿನಿಂದ ನಿರ್ಮೂಲ ಮಾಡಿದ್ದಾಗಿ 2018ರಲ್ಲಿ ಘೋಷಿಸಿತು ಎಂಬುದು ಇನ್ನರ್ಧ. ಬಿಟಿ ಹತ್ತಿಯ ಜೊತೆಗೆ ಸಂತಾನಶಕ್ತಿ ಇಲ್ಲದ ಪತಂಗಗಳನ್ನು ಅಲ್ಲಿ ಹೇರಳವಾಗಿ ಬಿಟ್ಟರು. ಅದಕ್ಕೂ ಮೊದಲಿನ ವರ್ಷಗಳಲ್ಲಿ ಅರಿಜೋನದ ರೈತರು ಹೊಲದ ಒಂದು ಭಾಗದಲ್ಲಿ ಬಿಟಿ ಅಲ್ಲದ ಹತ್ತಿ ಬಿತ್ತಿದ್ದರು. ಇದಕ್ಕೆ ಆಶ್ರಯ ಬೆಳೆ ಎಂದು ಹೆಸರು. ಅಲ್ಲಿ ಬದುಕಿ ಉಳಿದ ಸಾದಾ ಹುಳುಗಳು ಒಗ್ಗಿಕೊಂಡ ಒಂದೆರಡು ಹುಳುಗಳ ಜೊತೆ ಕೂಡಿ, ಒಗ್ಗುವ ಗುಣವನ್ನು ತೆಳುವಾಗಿಸುತ್ತವೆ. ಭಾರತದಲ್ಲೂ ಬೀಜದ ಪೊಟ್ಟಣದ ಜೊತೆಗೆ ಆಶ್ರಯ ಬೆಳೆಯ ಸಣ್ಣ ಪೊಟ್ಟಣ ಕೊಡುತ್ತಿದ್ದರು. ಬಹುತೇಕರು ಅದನ್ನು ಬಿತ್ತಲಿಲ್ಲ. ಸ್ವಂತ ನೆಲದಲ್ಲಿ ಹುಳುವಿಗೆಂದು ಬೆಳೆ ಬೆಳೆಯಿರಿ ಎಂದರೆ ಸಾಲ ಮಾಡಿ ಬಿತ್ತಿದ ಯಾವ ರೈತ ಕೇಳಿಯಾನು?

ಆದ್ದರಿಂದ ಒಂದೇ ವಂಶವಾಹಿ ಒಂದು ಕಡೆ ಕೆಟ್ಟು ಇನ್ನೊಂದು ಕಡೆ ನಿಂತಿತು. ಕೆಡುಕು ವಂಶವಾಹಿಯ ಒಳಗೆ ಕುಳಿತಿದ್ದರೆ ಹೀಗಾಗಬಾರದಿತ್ತು.

ಇಲ್ಲಿಂದ ಮುಂದಕ್ಕೆ ಯೋಚಿಸುವಾಗ ನನಗೆ ಸ್ವಲ್ಪ ಕಸಿವಿಸಿ. ಕುಲಾಂತರಿ ಪ್ರಕೃತಿಗೆ ವಿರುದ್ಧ ಎಂಬುದು ನಮ್ಮ ಚಳವಳಿಯ ಮಂತ್ರ. 1928ರಲ್ಲಿ ಲೂಯಿಸ್ ಸ್ಟ್ಯಾಡ್ಲರ್ ಬಾರ್ಲಿಗೆ ಕ್ಷಕಿರಣ ಬಿಟ್ಟು ಅದರ ಗುಣ ಬದಲಾಗುವುದನ್ನು ತೋರಿಸಿದ ಮೇಲೆ, ವಿಕಿರಣ ಅಥವಾ ರಾಸಾಯನಿಕದಿಂದ ಬೀಜದ ವಂಶವಾಹಿಗಳನ್ನು ಕುರುಡಾಗಿ ಚದುರಿಸಿ ಪಡೆದ ತಳಿಗಳು 3,000ಕ್ಕೂ ಹೆಚ್ಚು ದಾಖಲಾಗಿವೆ. ಗೋಲ್ಡನ್ ಪ್ರಾಮಿಸ್ ಎಂಬ ಹೆಸರಾಂತ ಬಾರ್ಲಿ ತಳಿ ಹುಟ್ಟಿದ್ದು ಗಾಮಾ ಕಿರಣದಿಂದ. ಇಂಥ ತಳಿಗಳನ್ನು ಸಾವಯವ ಹೊಲದಲ್ಲಿ ಬೆಳೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಸಾವಿರ ಕಡೆ ಗೊತ್ತಿಲ್ಲದೆ ಮುರಿದರೆ ಸರಿ, ಒಂದು ಕಡೆ ಗೊತ್ತಿದ್ದು ಸೇರಿಸಿದರೆ ತಪ್ಪು ಎಂದರೆ ಓದಿದ ಹುಡುಗರು ನಗದೆ ಇನ್ನೇನು ಮಾಡಬೇಕು?

ಬೋರ್ಡೋ ದ್ರಾವಣದ ವಿಷಯವೂ ಹಾಗೆಯೇ. ಮೈಲುತುತ್ತ, ಅಂದರೆ ತಾಮ್ರದ ಲವಣ, ಮತ್ತು ಸುಣ್ಣ ಕಲಸಿದ ನೀಲಿ ನೀರು. 1885ರಲ್ಲಿ ಫ್ರಾನ್ಸಿನ ಮಿಲಾರ್ದೆ ದ್ರಾಕ್ಷಿಗೆಂದು ಪ್ರಕಟಿಸಿದ ಪಾಕ. ಆಲೂಗಡ್ಡೆಯ ಅಂಗಮಾರಿಗೆ ಸಾವಯವ ರೈತರು ಹಲವು ದೇಶಗಳಲ್ಲಿ ಇಂದಿಗೂ ತಾಮ್ರವನ್ನೇ ನಂಬಿದ್ದಾರೆ. ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವ ವಸ್ತುವಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತ ಹೋಗುತ್ತದೆ, ಎರೆಹುಳುವಿಗೆ ಒಳ್ಳೆಯದಲ್ಲ. ನೆದರ್‌ಲೆಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಆಲೂಗಡ್ಡೆಯ ಕಾಡುಬಂಧುಗಳಿಂದಲೇ ಅಂಗಮಾರಿ ತಡೆಯುವ ವಂಶವಾಹಿಗಳನ್ನು ತಂದು ಆಲೂಗಡ್ಡೆಗೆ ಸೇರಿಸಿ ನೋಡಿದರು. ನಮ್ಮ ನಿಯಮದ ಪ್ರಕಾರ ಆ ಗಡ್ಡೆ ಅಸ್ಪೃಶ್ಯ, ತಾಮ್ರ ಸ್ವೀಕಾರಾರ್ಹ. ಇದನ್ನು ಸಮರ್ಥಿಸಲು ಹೋದಾಗಲೆಲ್ಲ ನನ್ನ ದನಿ ನನಗೇ ತೆಳ್ಳಗೆ ಕೇಳಿಸುತ್ತದೆ.

ಆರೋಗ್ಯದ ಭಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ನೂರಾರು ಅಧ್ಯಯನಗಳನ್ನು ಜಾಲಾಡಿ, ಮಾರುಕಟ್ಟೆಯಲ್ಲಿರುವ ಕುಲಾಂತರಿ ಆಹಾರ ಬೇರೆಯದಕ್ಕಿಂತ ಅಪಾಯಕಾರಿ ಎನ್ನಲು ಆಧಾರ ಸಿಗಲಿಲ್ಲ ಎಂದವು. ಇಲಿಗಳಿಗೆ ಗೆಡ್ಡೆ ಬಂತು ಎಂಬ 2012ರ ಫ್ರೆಂಚ್ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ ಮರುವರ್ಷ ಹಿಂತೆಗೆದುಕೊಂಡಿತು. ಆ ಇಲಿಗಳ ಚಿತ್ರವನ್ನು ನಾನು ಎಷ್ಟು ಮಂದಿಗೆ ಮೊಬೈಲಿನಲ್ಲಿ ಕಳಿಸಿದ್ದೆನೋ ಲೆಕ್ಕವಿಲ್ಲ. ಹಿಂತೆಗೆದ ಸುದ್ದಿಯನ್ನು ಒಬ್ಬರಿಗೂ ಕಳಿಸಿರಲಿಲ್ಲ.

ಹಾಗಾದರೆ ಸಾವಯವದಲ್ಲಿ ಕುಲಾಂತರಿ ಬೇಡ ಎಂಬ ನಿಯಮವೇ ತಪ್ಪೇ? ಅಲ್ಲ ಎಂದೇ ಈಗಲೂ ನನ್ನ ಉತ್ತರ. ಆದರೆ ಕಾರಣ ಬೇರೆ. ಸಾವಯವ ಚಳವಳಿ ಹುಟ್ಟಿದ್ದು ವಂಶವಾಹಿಯ ಚಿಂತೆಯಿಂದ ಅಲ್ಲ, ಮಣ್ಣಿನ ಚಿಂತೆಯಿಂದ. ಬ್ರಿಟಿಷ್ ಕೃಷಿವಿಜ್ಞಾನಿ ಆಲ್ಬರ್ಟ್ ಹೋವಾರ್ಡ್ ಇಂದೋರಿನಲ್ಲಿ ಕಾಂಪೋಸ್ಟ್ ರಾಶಿಗಳ ಮುಂದೆ ನಿಂತು ಕಲಿತದ್ದು, ಈವ್ ಬಾಲ್ಫರ್ ಇಂಗ್ಲೆಂಡಿನಲ್ಲಿ 1939ರಲ್ಲಿ ಹಾಲಿ ಎಂಬ ಊರಿನಲ್ಲಿ ಶುರುಮಾಡಿದ ಹೊಲದ ಪ್ರಯೋಗ, 1946ರಲ್ಲಿ ಅಲ್ಲೇ ಹುಟ್ಟಿದ ಸಾವಯವ ಸಂಘ ಸಾಯಿಲ್ ಅಸೋಸಿಯೇಷನ್: ಎಲ್ಲದರ ಮಾತೂ ಗೊಬ್ಬರ, ಹ್ಯೂಮಸ್, ಎರೆಹುಳು. ಹೊರಗಿನಿಂದ ಕೊಂಡು ತರುವುದನ್ನು ಕಡಿಮೆ ಮಾಡಿ ಹೊಲದ ಒಳಗಿನ ಚಕ್ರವನ್ನು ತಿರುಗಿಸು ಎಂಬುದು ಅದರ ಒಳಮಾತು. ಸಾವಯವ ಎಂಬ ಮುದ್ರೆ ಕಾಳಿನೊಳಗೆ ಏನಿದೆ ಎಂದು ಹೇಳುವುದಿಲ್ಲ, ಅದು ಹೇಗೆ ಬೆಳೆಯಿತು ಎಂದು ಹೇಳುತ್ತದೆ. ಪ್ರಯೋಗಾಲಯದವರು ಕಾಳನ್ನು ಅರೆದು ವ್ಯತ್ಯಾಸವೇ ಇಲ್ಲವಲ್ಲ ಎಂದಾಗ ನಾವು ಸಿಟ್ಟಾಗುತ್ತೇವೆ; ಇಲ್ಲ, ಇರಬೇಕಾಗಿಯೂ ಇಲ್ಲ ಎಂದು ಹೇಳಿಬಿಟ್ಟರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತಿತ್ತು.

ಅದರ ಜೊತೆಗೆ ಜನರ ಇಷ್ಟವೂ ಇದೆ. 1997ರ ಡಿಸೆಂಬರ್‌ನಲ್ಲಿ ಅಮೆರಿಕದ ಕೃಷಿ ಇಲಾಖೆ ಸಾವಯವ ನಿಯಮಗಳ ಕರಡು ಹೊರಡಿಸಿತು. ಕುಲಾಂತರಿ, ವಿಕಿರಣ ಸಂಸ್ಕರಣೆ, ಚರಂಡಿ ಕೆಸರಿನ ಗೊಬ್ಬರ, ಈ ಮೂರಕ್ಕೂ ಅದರಲ್ಲಿ ಬಾಗಿಲು ತೆರೆದಿತ್ತು. ಉತ್ತರವಾಗಿ ಬಂದ ಅಭಿಪ್ರಾಯ ಪತ್ರಗಳು 2,75,000ಕ್ಕೂ ಹೆಚ್ಚು. ಅಂತಿಮ ನಿಯಮ 2000ದ ಡಿಸೆಂಬರ್‌ನಲ್ಲಿ ಹೊರಬಂದಾಗ ಮೂರಕ್ಕೂ ಬಾಗಿಲು ಮುಚ್ಚಿತ್ತು. ಪತ್ರ ಬರೆದವರೆಲ್ಲ ವಿಜ್ಞಾನ ಓದಿ ಬರೆದರು ಎಂದು ನಾನು ಹೇಳುವುದಿಲ್ಲ. ತಾವು ಹಣ ಕೊಟ್ಟು ಕೊಳ್ಳುವ ಮುದ್ರೆಗೆ ಯಾವ ಅರ್ಥವಿರಬೇಕು ಎಂದು ಹೇಳಲು ಅವರಿಗೆ ಹಕ್ಕಿತ್ತು, ಹೇಳಿದರು.

ಈಗ ನನ್ನನ್ನು ಹೆಚ್ಚು ಕಾಡಿದ ಸಂಗತಿಗೆ ಬರುತ್ತೇನೆ. ಪಶ್ಚಿಮ ಆಸ್ಟ್ರೇಲಿಯದ ಕೊಜೊನಪ್ ಎಂಬಲ್ಲಿ ಅಕ್ಕಪಕ್ಕದ ಎರಡು ಜಮೀನು. ಒಂದರಲ್ಲಿ ಸಾವಯವ ಧಾನ್ಯ ಮತ್ತು ಕುರಿ. ಇನ್ನೊಂದರಲ್ಲಿ 2010ರಲ್ಲಿ ಕುಲಾಂತರಿ ಕ್ಯಾನೋಲ, ಸಾಸಿವೆಯ ಬಳಗದ ಎಣ್ಣೆಕಾಳು. ಆ ರಾಜ್ಯದಲ್ಲಿ ಅದಕ್ಕೆ ಅನುಮತಿ ಸಿಕ್ಕಿದ ವರ್ಷವೇ ಅದು. ಕ್ಯಾನೋಲವನ್ನು ಕೊಯ್ದು, ಸಾಲುಸಾಲಾಗಿ ಹೊಲದಲ್ಲೇ ಒಣಗಲು ಬಿಟ್ಟಿದ್ದರು. ಗಾಳಿ ಬೀಸಿತು. ಬೀಜಕಾಯಿ ಹೊತ್ತ ಒಣ ಕಡ್ಡಿಗಳು ಉರುಳುತ್ತ, ಹಾರುತ್ತ, ಬೇಲಿ ದಾಟಿ ಸಾವಯವ ಜಮೀನಿನ ಒಳಕ್ಕೆ ಬಹುದೂರ ಹೋಗಿ ಚೆಲ್ಲಾಡಿದವು. ಪರಾಗವಲ್ಲ, ಕಣ್ಣಿಗೆ ಕಾಣದ ಕಣವಲ್ಲ. ಬಗ್ಗಿ ಕೈಯಲ್ಲಿ ಎತ್ತಬಹುದಾದ ಕಡ್ಡಿಗಳು. ದೃಢೀಕರಣ ಸಂಸ್ಥೆ ಬಂದು ನೋಡಿ ಜಮೀನಿನ ಸುಮಾರು 70 ಶೇಕಡಾ ಭಾಗದ ಸಾವಯವ ಮುದ್ರೆಯನ್ನು ಕಿತ್ತುಕೊಂಡಿತು.

ಮುದ್ರೆ ಕಳೆದುಕೊಂಡವರು ನೆರೆಯವರ ಮೇಲೆ ದಾವೆ ಹೂಡಿದರು. ಮಾರ್ಷ್ ವಿರುದ್ಧ ಬ್ಯಾಕ್ಸ್ಟರ್ ಎಂದು ಹೆಸರಾದ ಮೊಕದ್ದಮೆ ಅದು. 2014ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ದಾವೆಯನ್ನು ತಳ್ಳಿಹಾಕಿತು. ಬೆಳೆದವರು ಕಾನೂನು ಒಪ್ಪಿದ ಬೆಳೆಯನ್ನು, ರೂಢಿಯಲ್ಲಿದ್ದ ಕ್ರಮದಲ್ಲೇ ಕೊಯ್ದಿದ್ದರು. ಆ ಕಡ್ಡಿಗಳಿಂದ ಕುರಿಗಾಗಲಿ ಧಾನ್ಯಕ್ಕಾಗಲಿ ಹಾನಿಯಾಗಲಿಲ್ಲ. ಸಾವಯವ ಜಮೀನಿನಲ್ಲಿ ಕ್ಯಾನೋಲ ಬೆಳೆಯುತ್ತಲೇ ಇರಲಿಲ್ಲವಾದ್ದರಿಂದ ಬೆರಕೆಯ ಮಾತೂ ಇಲ್ಲ. ನಷ್ಟವಾಗಿದ್ದರೆ ಅದು ದೃಢೀಕರಣ ಸಂಸ್ಥೆ ತನ್ನದೇ ನಿಯಮವನ್ನು ಪ್ರಯೋಗಿಸಿದ ಬಗೆಯಿಂದ ಎಂಬ ಧಾಟಿ ತೀರ್ಪಿನದು. 2015ರಲ್ಲಿ ಮೇಲ್ಮನವಿಯೂ ಬಿತ್ತು. ಮರುವರ್ಷ ದೇಶದ ಹೈಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ.

ಮೊದಲ ಸಲ ಓದಿದಾಗ ನನಗೆ ಉರಿದುಹೋಗಿತ್ತು. ಎರಡನೆಯ ಸಲ ಓದಿದಾಗ ನ್ಯಾಯಾಧೀಶರ ಮಾತಿನಲ್ಲಿ ಹುರುಳಿದೆ ಅನ್ನಿಸಿತು. ಹೊಲದಲ್ಲಿ ಬಿದ್ದ ಕಡ್ಡಿಗೆ ಜಮೀನಿನ ಬಹುಪಾಲಿನ ಮುದ್ರೆ ಕಳೆಯುವಷ್ಟು ಬಿಗಿಯಾದ, ಕುಲಾಂತರಿ ಸೊನ್ನೆಯೇ ಇರಬೇಕೆಂಬ ನಿಯಮವನ್ನು ಬರೆದುಕೊಂಡವರು ನಾವೇ. ಯುರೋಪಿನಲ್ಲಿ ಅರಿವಿಲ್ಲದೆ, ತಪ್ಪಿಸಲಾಗದೆ 0.9 ಶೇಕಡಾವರೆಗೆ ಬೆರೆತರೆ ಸಹಿಸುವ ಲೆಕ್ಕವಿದೆ. ಮೂರನೆಯ ಸಲ ಓದಿದಾಗ ಬೇರೊಂದು ಕಂಡಿತು. ಬೇಲಿ ಯಾರು ಹಾಕಬೇಕು? ಬಿತ್ತನೆಯ ದಿನ ಮುಂದೂಡುವುದು, ನಡುವೆ ನೆಲ ಬಿಡುವುದು, ಬೀಜವನ್ನು ಪರೀಕ್ಷೆಗೆ ಕಳಿಸುವುದು, ಸಾಗಣೆಯ ಲಾರಿ ತೊಳೆಯುವುದು, ಇವೆಲ್ಲದರ ಖರ್ಚು ಹೊಸದನ್ನು ತಂದವರ ಮೇಲೆ ಬೀಳುವುದಿಲ್ಲ. ಮೊದಲಿನಂತೆಯೇ ಇರುತ್ತೇನೆ ಎಂದವರ ಮೇಲೆ ಬೀಳುತ್ತದೆ. ಕೆನಡಾದ ಸಸ್ಕಾಚೆವಾನ್‌ನ ಸಾವಯವ ರೈತರು, ಕುಲಾಂತರಿ ಬೆರೆತು ತಮಗೆ ಕ್ಯಾನೋಲ ಬೆಳೆಯುವುದೇ ಅಸಾಧ್ಯವಾಯಿತು ಎಂದು ಬೀಜ ಕಂಪನಿಗಳ ಮೇಲೆ ಒಟ್ಟಾಗಿ ಹೂಡಲು ಹೊರಟ ದಾವೆಯೂ 2007ರಲ್ಲಿ ಬಾಗಿಲಲ್ಲೇ ನಿಂತಿತು. ಅತ್ತ ಅದೇ ದೇಶದ ಸುಪ್ರೀಂ ಕೋರ್ಟ್ 2004ರಲ್ಲಿ, ಪೇಟೆಂಟ್ ಇರುವ ವಂಶವಾಹಿ ಹೊತ್ತ ಗಿಡಗಳನ್ನು ಗೊತ್ತಿದ್ದೂ ಬೆಳೆದ ರೈತ ಪೇಟೆಂಟ್ ಉಲ್ಲಂಘಿಸಿದ ಎಂದು ಐದಕ್ಕೆ ನಾಲ್ಕರ ಬಹುಮತದಿಂದ ಹೇಳಿತ್ತು. ಹೊಲಕ್ಕೆ ಹಾರಿ ಬಂದಾಗ ಅದು ಯಾರದೂ ಅಲ್ಲದ ಕಸ, ಇಟ್ಟುಕೊಂಡು ಬಿತ್ತಿದರೆ ಕಂಪನಿಯ ಸ್ವತ್ತು.

ಅಕ್ಕನ ಮಗನಿಗೆ ಇದನ್ನೆಲ್ಲ ಬರೆದು ಕಳಿಸಿದೆ. ಅವನು ಒಂದೇ ಹೆಸರು ತಿರುಗಿ ಕಳಿಸಿದ: ಕ್ರಿಸ್ಪರ್. ಹೊರಗಿನ ವಂಶವಾಹಿಯನ್ನೇ ಸೇರಿಸದೆ ಗಿಡದ್ದನ್ನೇ ತಿದ್ದಿದರೆ ಆಗಲೂ ಬೇಡವೇ ಎಂಬುದು ಅವನ ಪ್ರಶ್ನೆ. ಯುರೋಪಿನ ನ್ಯಾಯಾಲಯ 2018ರಲ್ಲಿ, ಅದೂ ಕುಲಾಂತರಿಯೇ ಎಂದಿತು. ಸ್ವಿಟ್ಜರ್‌ಲೆಂಡಿನ ಸಾವಯವ ಕೃಷಿ ಸಂಶೋಧನಾ ಸಂಸ್ಥೆಯ ಮುಖ್ಯಸ್ಥರಾಗಿದ್ದ ಉರ್ಸ್ ನಿಗ್ಲಿ 2016ರಲ್ಲಿ, ಈ ತಂತ್ರವನ್ನು ಕಣ್ಣುಮುಚ್ಚಿ ತಳ್ಳಿಹಾಕಬಾರದು ಎಂಬರ್ಥದ ಮಾತಾಡಿ ಸ್ವಂತ ಬಳಗದಿಂದಲೇ ಬೈಸಿಕೊಂಡರು. ನಾನೂ ಆಗ ಬೈದವರ ಪೈಕಿ. ಈಗ ಅಷ್ಟು ಧೈರ್ಯವಿಲ್ಲ. ನೆರೆಯಲ್ಲಿ ಎರಡು ವಾರ ಮುಳುಗಿದ್ದರೂ ಬದುಕುವ ಸ್ವರ್ಣ ಸಬ್-1 ಭತ್ತವನ್ನು, ವಂಶವಾಹಿ ಎಲ್ಲಿದೆ ಎಂದು ಪ್ರಯೋಗಾಲಯದಲ್ಲಿ ಗುರುತಿಸಿಕೊಂಡು, ಆಮೇಲೆ ಹೂವಿಗೆ ಹೂವು ಕೂಡಿಸಿಯೇ ರೂಪಿಸಿದರು. ಅದು ಕುಲಾಂತರಿಯಲ್ಲ. ಅದನ್ನು ಹೊಗಳುವಾಗ ಪ್ರಯೋಗಾಲಯಕ್ಕೂ ಕೈಮುಗಿಯುತ್ತಿದ್ದೇನೆ ಎಂಬುದು ನನಗೆ ಗೊತ್ತಿರಬೇಕಿತ್ತು. ಯಾವುದೇ ಹೊಸ ಬೀಜ ಬಂದರೂ ನಾನೀಗ ಮೊದಲು ಕೇಳುವ ಪ್ರಶ್ನೆಗಳು ಬೇರೆ: ಅದನ್ನು ಮರುವರ್ಷ ಬಿತ್ತಬಹುದೇ, ನೆರೆಯವನಿಗೆ ಕೊಡಬಹುದೇ, ಅದು ಯಾರ ಹೊಲದ ಯಾವ ಔಷಧಿಯನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಬಿಟಿ ಬೀಜ ಈ ಪರೀಕ್ಷೆಯಲ್ಲಿ ಫೇಲು. ಎಲ್ಲ ಕುಲಾಂತರಿಯೂ ಫೇಲಾಗಲೇಬೇಕೆಂದಿಲ್ಲ. ಕುಲಾಂತರಿಯಲ್ಲದ ಹೈಬ್ರಿಡ್ ಬೀಜವೂ ಮೊದಲ ಪ್ರಶ್ನೆಯಲ್ಲೇ ಮುಗ್ಗರಿಸುತ್ತದೆ. ಅದನ್ನು ನಾವು ಸಾವಯವದಲ್ಲಿ ಸದ್ದಿಲ್ಲದೆ ಬಿತ್ತುತ್ತಲೇ ಇದ್ದೇವೆ.

ಚೀಲದ ಮೇಲಿನ ಬರಹ ಹಾಗೇ ಇದೆ. ಸ್ವಲ್ಪ ಮಾಸಿದೆ.

ಈ ಸಲ ಎಲೆಕೋಸಿಗೆ ಔಷಧಿ ಹೊಡೆಯುವಾಗ ಬೇಲಿಯ ಬದಿಯ ಎರಡು ಗಿಡಗಳನ್ನು ಬಿಟ್ಟುಬಿಟ್ಟೆ. ಅಕ್ಕನ ಮಗ ಲೆಕ್ಕ ಹಾಕಿ, ಪತಂಗಗಳು ಮೈಲಿಗಟ್ಟಲೆ ಹಾರಿಬರುವ ಕಡೆ ಎರಡು ಗಿಡದಿಂದ ಏನೂ ಆಗುವುದಿಲ್ಲ ಎಂದು ತೋರಿಸಿದ. ಸರಿಯೇ ಇರಬೇಕು. ಈಗ ಅವುಗಳ ಎಲೆಗಳು ಜರಡಿಯಾಗಿವೆ, ಗಡ್ಡೆ ಕಟ್ಟುವ ಲಕ್ಷಣವಿಲ್ಲ. ಸಂಜೆ ನೀರು ಬಿಡಲು ಹೋಗಿ ಕಾಲು ತಗಲಿಸಿದರೆ ಬೂದುಬಣ್ಣದ ಸಣ್ಣ ಪತಂಗಗಳು ನಾಲ್ಕಾರು ಎದ್ದು, ಸ್ವಲ್ಪ ದೂರ ಹಾರಿ, ಮತ್ತೆ ಅದೇ ಗಿಡಕ್ಕೆ ಬಂದು ಕೂರುತ್ತವೆ.